‘ಹ್ಯಾವ್’ ಕಲಿಯಲು ನಮ್ಮ ‘ಇರು’ ಸಾಕು

ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ಬಾರದೆಂಬ ಮಾತನ್ನು ದಾಮರಗಿದ್ದ, ಮಕ್ತಲ್, ಗದ್ವಾಲ ಭಾಗದ ಪಾಲಕರಿಂದ ನಾವು ಪದೇ ಪದೇ ಕೇಳುತ್ತೇವೆ. ಈ ಅಳುಕಿನಿಂದ ನಡುವೆಯೇ ಶಾಲೆ ಬಿಡಿಸಿ ಬೇರೆ ಮಾಧ್ಯಮಕ್ಕೆ ಸೇರಿಸುವವರೂ ಉಂಟು. ಆದುದರಿಂದ ಮಕ್ಕಳು ಹೆಚ್ಚಾಗಿ ಎಡವುವ ‘ಹ್ಯಾವ್’ ಕ್ರಿಯಾಪದವನ್ನೇ ಇಲ್ಲಿ ವಿವರಿಸುತ್ತೇವೆ.

‘ಐ ಹ್ಯಾವ್ ಎ ಪೆನ್’ ಎಂದರೆ ನನ್ನ ಬಳಿ ಲೇಖನಿ ಇದೆ. ‘ಐ ಹ್ಯಾವ್ ಫೀವರ್’ ಎಂದರೆ ನನಗೆ ಜ್ವರವಿದೆ. ‘ಐ ಹ್ಯಾವ್ ಟು ಗೋ’ ಎಂದರೆ ನಾನು ಹೋಗಬೇಕಾಗಿದೆ. ‘ಐ ಹ್ಯಾವ್ ಕಮ್’ ಎಂದರೆ ಬಂದಿದ್ದೇನೆ. ಅಂದರೆ ಬಂದು, ಇದ್ದೇನೆ. ಮಕ್ಕಳು ಲೋಪಸಂಧಿ ಬಿಡಿಸಿದರೆ ಒಳಗಿನ ‘ಇರು’ ತಾನಾಗಿಯೇ ಕಾಣುತ್ತದೆ. ಅಲ್ಲಿ ‘ಹ್ಯಾವ್’ ಮಾಡುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ‘ಇರು’ ಮಾಡುತ್ತದೆ. ‘ಹ್ಯಾವ್ ಲಂಚ್’ ಮಾತ್ರ ಊಟ ಮಾಡುವುದು. ಅದನ್ನು ಬಾಯಿಪಾಠ ಮಾಡಿಸಿದರಾಯಿತು.

ನೆರೆಯ ತೆಲುಗಿನಲ್ಲಿ ‘ವಚ್ಚಾಡು’ ಎಂಬ ಒಂದೇ ರೂಪ ಸಾಮಾನ್ಯವಾಗಿ ‘ಬಂದನು’, ‘ಬಂದಿದ್ದಾನೆ’ ಎರಡಕ್ಕೂ ಸಲ್ಲುತ್ತದೆ. ಕನ್ನಡದ ಮಗುವಿನ ನಾಲಿಗೆಗೆ ಈ ಭೇದ ಮನೆಯಲ್ಲಿಯೇ ರೂಢಿಯಾಗಿದೆ. ದುಡಿಯಲು ಮುಂಬಯಿಗೆ ಹೋದ ತಂದೆ ಇನ್ನೂ ಅಲ್ಲಿಯೇ ಇದ್ದರೆ ‘ಹ್ಯಾಸ್ ಗಾನ್’, ಹೋಗಿಬಂದಿದ್ದರೆ ‘ಹ್ಯಾಸ್ ಬೀನ್’ ಎಂಬುದನ್ನು ತಿಳಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಕನ್ನಡವೇ ದಾರಿ ತಪ್ಪಿಸುವ ಕಡೆಗಳೂ ಇವೆ. ‘ನಿನ್ನೆ ಮಕ್ತಲಕ್ಕೆ ಹೋಗಿದ್ದೆನು’ ಎನ್ನುವ ನಮ್ಮ ಮಕ್ಕಳು ‘ಐ ಹ್ಯಾಡ್ ಗಾನ್’ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ನಿನ್ನೆಯ ಒಂಟಿ ಸಂಗತಿಗೆ ‘ಐ ವೆಂಟ್’ ಸಾಕು. ನಾವು ನಿಲ್ದಾಣ ತಲುಪುವ ಮೊದಲೇ ಬಸ್ಸು ಹೊರಟುಹೋಗಿತ್ತು ಎಂಬಂತೆ ಎರಡು ಸಂಗತಿಗಳಲ್ಲಿ ಮೊದಲು ನಡೆದುದಕ್ಕೆ ‘ಹ್ಯಾಡ್’ ಸಲ್ಲುತ್ತದೆ.

ನಮ್ಮ ‘ಇಂದ’ ಪ್ರತ್ಯಯದ ತೊಡಕು ಇನ್ನೊಂದು. ‘ಹತ್ತು ವರ್ಷದಿಂದ ಇಲ್ಲಿದ್ದೇವೆ’ ಎಂಬುದು ‘ವಿ ಆರ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಆಗಿಬಿಡುತ್ತದೆ. ‘ವಿ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’ ಎನ್ನಬೇಕು. ಅವಧಿಗೆ ‘ಫಾರ್’, ಆರಂಭದ ಗಡುವಿಗೆ ‘ಸಿನ್ಸ್’. ನಾರಾಯಣಪೇಟೆ 2019ರಿಂದ ಜಿಲ್ಲೆಯಾಗಿದೆ: ‘ನಾರಾಯಣಪೇಟ್ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 2019’.

ಇಂಗ್ಲಿಷ್ ಅರಿಯದ ತಾಯಿಯೂ ಇದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಬಹುದು. ಮಗು ಬರೆದ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ, ‘ಹೋದನೋ, ಹೋಗಿದ್ದಾನೋ? ಈಗ ಎಲ್ಲಿದ್ದಾನೆ?’ ಎಂದು ಕೇಳಿದರಾಯಿತು.