ಗಣಿಯೂರಿನ ಕ್ರಿಸ್‌ಮಸ್ ತಟ್ಟೆ

ಡಿಸೆಂಬರ್ ತಿಂಗಳು ಬಂತೆಂದರೆ ನಿಮಗೆ ಮೊದಲು ಏನು ನೆನಪಾಗುತ್ತದೆ, ಹೇಳಿ? ಸೊಗಡಿನ ಅವರೆಕಾಯಿಯೇ? ಧನುರ್ಮಾಸದ ಬೆಳಗಿನ ಜಾವದ ಹುಗ್ಗಿಯೇ? ನನಗೂ ಅವೆರಡೂ ನೆನಪಾಗುತ್ತವೆ. ಆದರೆ ಅವುಗಳ ಜೊತೆಗೇ ಬೇಕರಿಯ ಒಲೆಯಿಂದ ಹೊರಟ ಕೇಕಿನ ಘಮ, ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ, ಗಣಿಯ ಸೈರನ್ನಿನ ಕೂಗು ಎಲ್ಲವೂ ಒಟ್ಟೊಟ್ಟಿಗೆ ಬಂದುಬಿಡುತ್ತವೆ. ಯಾಕೆಂದರೆ ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ನೀವೆಲ್ಲ ಕೆ.ಜಿ.ಎಫ್. ಅಂತೀರಲ್ಲ, ಅದೇ ಊರು.

ಚಿನ್ನದ ಊರು ಅಂದರೆ ಮನೆಮನೆಯಲ್ಲೂ ಚಿನ್ನ ಇರುತ್ತಿತ್ತು ಅಂದುಕೊಳ್ಳಬೇಡಿ! ಚಿನ್ನ ತೆಗೆಯುವವರ ಹೆಂಡತಿಯ ಕೊರಳಲ್ಲಿ ಎಷ್ಟೋ ಸಲ ಅರಿಶಿನದ ದಾರವೇ ಇರುತ್ತಿತ್ತು. ೧೮೮೦ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ಹಿಡಿದ ಮೇಲೆ ಆ ಬೋಳು ಬಂಡೆಯ ಸೀಮೆಗೆ ಎಲ್ಲೆಲ್ಲಿಯದೋ ಜನ ಬಂದರು. ಉತ್ತರ ಆರ್ಕಾಟಿನ ತಮಿಳರು, ಸುತ್ತಲಿನ ಕನ್ನಡದವರು, ತೆಲುಗರು, ಮಲಯಾಳಿಗಳು, ಕಾವಲಿಗೆ ಪಂಜಾಬಿಗಳು, ಮೇಲಿನ ಕೆಲಸಗಳಿಗೆ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೫೦ ಕಿಲೋಮೀಟರು ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನಮ್ಮಜ್ಜಿ ಇದನ್ನು ಬೆಂಗಳೂರಿನ ನೆಂಟರ ಮುಂದೆ ಹೇಳದೆ ಬಿಡುತ್ತಿರಲಿಲ್ಲ!

ಬಂಗಲೆಗಳವರಿಗೆ ಕ್ಲಬ್ಬು, ಡ್ಯಾನ್ಸು. ಲೈನ್ ಮನೆಗಳವರಿಗೆ ಒಂದು ಕೋಣೆ, ಒಂದು ಜಗುಲಿ, ಬೀದಿಗೊಂದು ನಲ್ಲಿ. ನಡುವೆ ನಮ್ಮಂಥವರ ಕ್ವಾರ್ಟರ್ಸು. ಈ ಮೂರೂ ಕಡೆ ಒಂದೇ ಸಲ ಸಡಗರ ಏಳುತ್ತಿದ್ದದ್ದು ಕ್ರಿಸ್‌ಮಸ್ಸಿಗೆ.

ಸಡಗರ ಶುರುವಾಗುತ್ತಿದ್ದದ್ದು ಬೇಕರಿಯಿಂದ. ಆಗ ಯಾರ ಮನೆಯಲ್ಲಿ ಓವನ್ನು ಇತ್ತು? ಹೆಂಗಸರು ಮನೆಯಲ್ಲೇ ಹಿಟ್ಟು ಕಲಸಿ, ರಮ್ಮಿನಲ್ಲೋ ದ್ರಾಕ್ಷಿ ರಸದಲ್ಲೋ ವಾರಗಟ್ಟಲೆ ನೆನೆಸಿಟ್ಟ ಒಣ ಹಣ್ಣು ಬೆರೆಸಿ, ತಗಡಿನ ಟ್ರೇಗೆ ಸುರಿದು ಬೇಕರಿಗೆ ಕಳಿಸುತ್ತಿದ್ದರು. ನಮ್ಮ ಬೀದಿಯ ಬೇಕರಿಯ ಭಾಯಿಗೆ ರಂಜಾನ್ ತಿಂಗಳಿಗಿಂತ ಈ ವಾರವೇ ಹೆಚ್ಚು ಕೆಲಸ. ಪ್ರತಿ ಟ್ರೇಗೂ ಹೆಸರಿನ ಚೀಟಿ. ಬೆಂಕಿಗೆ ಚೀಟಿ ಸುಟ್ಟುಹೋದರೆ? "ಅದಕ್ಕೇನಮ್ಮಾ, ವಾಸನೇಲೇ ಹೇಳ್ತೀನಿ, ಇದು ಯಾರ ಮನೇದು ಅಂತ" ಅನ್ನುತ್ತಿದ್ದರು. ಒಂದು ವರ್ಷ ಎರಡು ಮನೆಯ ಟ್ರೇ ಅದಲುಬದಲಾಗಿ, ಇಬ್ಬರು ಗೆಳತಿಯರು ಫೆಬ್ರವರಿಯವರೆಗೆ ಮಾತು ಬಿಟ್ಟಿದ್ದರು. ಬದಲಾದದ್ದಕ್ಕಲ್ಲ, "ಅವಳ ಕೇಕೇ ಚೆನ್ನಾಗಿತ್ತು" ಅಂತ ಗಂಡ ಬಾಯಿತಪ್ಪಿ ಹೇಳಿದ್ದಕ್ಕೆ!

ಆಮೇಲೆ ಕ್ಯಾರಲ್ ಹಾಡುವವರು. ರಾತ್ರಿ ಊಟವಾದ ಮೇಲೆ ಪೆಟ್ರೋಮ್ಯಾಕ್ಸ್ ದೀಪ, ಗಿಟಾರು, ತಮಟೆ ಹಿಡಿದು ಹೊರಟರೆ ಲೈನಿನಿಂದ ಲೈನಿಗೆ ಹಾಡುತ್ತಾ, ಒಂದು ಹಾಡು ತಮಿಳಿನಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ, ಬೆಳಗಿನ ಜಾವಕ್ಕೆ ನಮ್ಮ ಬೀದಿಗೆ ಬರುತ್ತಿದ್ದರು. ಅದೇ ಹೊತ್ತಿಗೆ ನಮ್ಮಮ್ಮ ಧನುರ್ಮಾಸದ ಪೂಜೆಗೆಂದು ಎದ್ದು, ತಲೆಗೆ ಸ್ನಾನ ಮಾಡಿ, ಬಾಗಿಲಿಗೆ ನೀರು ಹಾಕುತ್ತಿರುತ್ತಿದ್ದಳು. ಅವರು ಹಾಡು ನಿಲ್ಲಿಸದೆ ರಂಗೋಲಿ ತುಳಿಯದಂತೆ ಪಕ್ಕಕ್ಕೆ ಸರಿದು ಹೋಗುವರು. ಅಮ್ಮ ಒಂದೊಂದು ದಿನ ಅವರಿಗೂ ಬಿಸಿ ಹುಗ್ಗಿ ದೊನ್ನೆಯಲ್ಲಿ ಹಾಕಿ ಕೊಡುವಳು. ಕೊಡುವುದಕ್ಕೆ ಅಮ್ಮನಿಗೆ ಯಾವ ಅಡ್ಡಿಯೂ ಇರಲಿಲ್ಲ. ತೆಗೆದುಕೊಳ್ಳುವ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಲೈನುಗಳಿಗೆ ಒಬ್ಬ ಕ್ರಿಸ್‌ಮಸ್ ತಾತ ಬರುತ್ತಿದ್ದ. ಕೆಂಪು ಬಟ್ಟೆಯ ನಿಲುವಂಗಿ, ಹತ್ತಿಯ ಗಡ್ಡ, ಜೋಳಿಗೆ ತುಂಬ ಪೆಪ್ಪರಮಿಂಟು. ಮುಖಕ್ಕೆ ಮುಖವಾಡ ಹಾಕಿದರೂ ಮಕ್ಕಳಿಗೆಲ್ಲ ಅವನು ಯಾರೆಂದು ಗೊತ್ತು. ಆ ಕೆಮ್ಮು! ಗಣಿಯೊಳಗೆ ಬಂಡೆ ಕೊರೆಯುವ ಕೆಲಸ ಮಾಡಿ ನಿವೃತ್ತನಾದ ಮುದುಕ. ಕಲ್ಲಿನ ಧೂಳು ಎದೆಗೂಡಲ್ಲಿ ಕೂತುಬಿಟ್ಟಿತ್ತು. ಸಿಲಿಕೋಸಿಸ್ ಅನ್ನುತ್ತಾರಲ್ಲ, ಅದು. ಎರಡು ಹೆಜ್ಜೆ ಕುಣಿಯುವನು, ನಿಂತು ಕೆಮ್ಮುವನು, ಮತ್ತೆ ಕುಣಿಯುವನು. ನಾವು ಅದೂ ಆಟವೆಂದೇ ತಿಳಿದು ಅವನಂತೆ ಕೆಮ್ಮಿ ನಗುತ್ತಿದ್ದೆವು. ಒಂದು ವರ್ಷ ತಾತ ಬಂದ, ಪೆಪ್ಪರಮಿಂಟೂ ಕೊಟ್ಟ, ಆದರೆ ಕೆಮ್ಮಲಿಲ್ಲ. ಅದು ಅವನ ಮಗ, ಅದೇ ನಿಲುವಂಗಿ ತೊಟ್ಟು ಬಂದಿದ್ದ. ಆ ದಿನ ನಮ್ಮಲ್ಲಿ ಯಾರೂ ನಗಲಿಲ್ಲ.

ಈಗ ಆ ತಟ್ಟೆಯ ಕಥೆಗೆ ಬರುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೀಚರಮ್ಮ ಇದ್ದರು. ತಮಿಳು ಕ್ರೈಸ್ತರು. ಅವರ ಯಜಮಾನರು ವೈಂಡಿಂಗ್ ಎಂಜಿನ್ ಓಡಿಸುವವರು. ಅಂದರೆ, ಗಣಿಗೆ ಇಳಿಯುವ ಜನರನ್ನು ಕೇಜ್ ಎಂಬ ಕಬ್ಬಿಣದ ಪಂಜರದಲ್ಲಿ ನಿಲ್ಲಿಸುತ್ತಾರಲ್ಲ, ಅದರ ಹಗ್ಗವನ್ನು ಯಂತ್ರದಲ್ಲಿ ಇಳಿಸಿ ಎತ್ತುವ ಕೆಲಸ. ನಮ್ಮ ತಂದೆ ಸರ್ವೆ ವಿಭಾಗದವರು, ವಾರದಲ್ಲಿ ಮೂರು ನಾಲ್ಕು ದಿನ ಕೆಳಗಿಳಿಯಬೇಕು. ಚಾಂಪಿಯನ್ ರೀಫ್ ಗಣಿಯ ಆಳ ೩ ಕಿಲೋಮೀಟರಿಗೂ ಹೆಚ್ಚು. ತಳದ ಬಂಡೆಯ ಶಾಖ ೬೦ ಡಿಗ್ರಿ ದಾಟುತ್ತಿತ್ತು. ದಿನವೂ ನಮ್ಮ ತಂದೆಯನ್ನು ಆ ಬಿಸಿಯಿಂದ ಮೇಲಕ್ಕೆ ತರುತ್ತಿದ್ದ ಕೈ ನಮ್ಮ ಗೋಡೆಯ ಆಚೆ ಇತ್ತು. ಇದು ನಮ್ಮಮ್ಮನಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಮನಸ್ಸಿಗೆ ತಟ್ಟುವುದು ಬೇರೆ, ಅಲ್ಲವೇ?

ಪ್ರತಿ ವರ್ಷ ಕ್ರಿಸ್‌ಮಸ್ ದಿನ ಬೆಳಗ್ಗೆ ಟೀಚರಮ್ಮ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ ಕಳಿಸುತ್ತಿದ್ದರು. ಕೇಕು, ಹೂವಿನ ಅಚ್ಚಿನಲ್ಲಿ ಕರಿದ ರೋಸ್ ಕುಕ್ಕಿ, ಶಂಖದ ಹುಳುವಿನಂತೆ ಸುರುಳಿ ಸುತ್ತಿದ ಕಲ್‌ಕಲ್. ಅಮ್ಮ ನಗುನಗುತ್ತಾ ಇಸಿದುಕೊಂಡು, ಖಾಲಿ ತಟ್ಟೆ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ವಾಪಸ್ಸು ಕಳಿಸುವಳು. ತಿಂಡಿ ಮಾತ್ರ ಹಿತ್ತಿಲ ಬಾಗಿಲಿನಿಂದ ಹಾಲಿನವನ ಮಕ್ಕಳಿಗೆ ಹೋಗುತ್ತಿತ್ತು. ಮೊಟ್ಟೆ ಬಿದ್ದದ್ದು ನಮ್ಮ ಮನೆಯೊಳಗೆ ಬರುವ ಹಾಗಿರಲಿಲ್ಲ. "ಅವರಿಗೇನು ಗೊತ್ತಾಗುತ್ತೆ ಬಿಡು" ಅನ್ನುತ್ತಿದ್ದಳು ಅಮ್ಮ. ನಾವು ಮಕ್ಕಳು ಆಸೆಯಿಂದ ನೋಡುತ್ತಾ ನಿಲ್ಲುವುದು.

ಎಪ್ಪತ್ತರ ದಶಕದ ಒಂದು ಡಿಸೆಂಬರ್. ಮಧ್ಯಾಹ್ನದ ಹೊತ್ತು ಅಡಿಗೆಮನೆಯ ಕಪಾಟಿನ ಮೇಲಿನ ಪಾತ್ರೆಗಳೆಲ್ಲ ಗಡಗಡ ಅಂದವು. ಒಂದು ಕಂಚಿನ ಲೋಟ ಉರುಳಿ ಬಿತ್ತು. ಗಣಿಯೂರಿನಲ್ಲಿ ಇದೇನೂ ಹೊಸದಲ್ಲ. ಆಳದಲ್ಲಿ ಬಂಡೆಯ ಮೇಲಿನ ಒತ್ತಡ ತಡೆಯಲಾರದೆ ಅದು ಸಿಡಿಯುತ್ತದೆ, ರಾಕ್ ಬರ್ಸ್ಟ್ ಅನ್ನುತ್ತಾರೆ. ಮೇಲೆ ಭೂಮಿ ಅಲುಗುತ್ತದೆ. ಅಲುಗಿದಾಗಲೆಲ್ಲ ಊರಿನ ಪ್ರತಿ ಹೆಂಗಸೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಒಂದು ಕ್ಷಣ ಲೆಕ್ಕ ಹಾಕುವಳು: ನಮ್ಮವರು ಈಗ ಮೇಲಿದ್ದಾರೋ, ಕೆಳಗಿದ್ದಾರೋ? ನಮ್ಮವರು ಕೆಳಗಿದ್ದರು.

ಸಂಜೆಯಾಯಿತು, ಬರಲಿಲ್ಲ. ರಾತ್ರಿಯಾಯಿತು. ದಾರಿ ಮುಚ್ಚಿದೆ, ಕಲ್ಲು ತೆಗೆಯುತ್ತಿದ್ದಾರೆ ಅಂತಷ್ಟೇ ಸುದ್ದಿ. ಅಮ್ಮ ದೇವರ ಮುಂದೆ ಕೂತವಳು ಏಳಲಿಲ್ಲ. ಆಗ ಟೀಚರಮ್ಮ ಬಂದರು. ಕೇಳಲಿಲ್ಲ, ಹೇಳಲಿಲ್ಲ. ಸೀದಾ ನಮ್ಮ ಅಡಿಗೆಮನೆಗೆ ಹೋಗಿ ಸ್ಟವ್ ಹಚ್ಚಿ, ಮಕ್ಕಳಿಗೆ ಅನ್ನ ಕಲಸಿ ಕೊಟ್ಟರು, ಅಮ್ಮನಿಗೆ ಕಾಫಿ ಮಾಡಿದರು. ಮಡಿ ಮಡಿ ಅನ್ನುತ್ತಿದ್ದ ನಮ್ಮಮ್ಮ ಆ ಲೋಟ ತೆಗೆದುಕೊಂಡು ಕುಡಿದಳು. ರಾತ್ರಿಯೆಲ್ಲ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಒಬ್ಬರ ಬಾಯಲ್ಲಿ ರಾಮನಾಮ, ಇನ್ನೊಬ್ಬರ ಕೈಯಲ್ಲಿ ಜಪಮಾಲೆ. ಅವರ ಯಜಮಾನರೂ ಮನೆಗೆ ಬಂದಿರಲಿಲ್ಲ. ಶಿಫ್ಟು ಮುಗಿದರೂ ಎಂಜಿನ್ ಮನೆ ಬಿಟ್ಟು ಕದಲಲಿಲ್ಲವಂತೆ. ಬೆಳಗಿನ ಜಾವ ಕೆಳಗಿನಿಂದ ಗಂಟೆ ಬಾರಿಸಿದಾಗ ಕೇಜನ್ನು ಎತ್ತಿದವರು ಅವರೇ.

ಅಪ್ಪ ಬಂದರು. ಮೈಯೆಲ್ಲ ಬೂದು ಧೂಳು, ಹಣೆಗೊಂದು ಪಟ್ಟಿ. ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದು, "ಮಕ್ಕಳು ಊಟ ಮಾಡಿದವಾ?"

ಆ ವರ್ಷವೂ ಕ್ರಿಸ್‌ಮಸ್ ದಿನ ತಟ್ಟೆ ಬಂತು. ಬಟ್ಟೆ ತೆಗೆದರೆ ಕೇಕಿಲ್ಲ. ಬರೀ ಕಲ್‌ಕಲ್, ಸಕ್ಕರೆಯ ಪಾಕದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಮೇಲೊಂದು ಚೀಟಿ, ಶಾಲೆಯ ಬೋರ್ಡಿನ ಮೇಲೆ ಬರೆದಂಥ ದುಂಡು ಅಕ್ಷರದ ಕನ್ನಡ: "ಮೊಟ್ಟೆ ಹಾಕಿಲ್ಲ. ಬಾಣಲೆ ಹೊಸದು. ಎಣ್ಣೆ ಹೊಸದು."

ಅಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು ಕಣೇ" ಅಂದಳು. ಗೊತ್ತಿದ್ದೂ ಕಳಿಸುತ್ತಿದ್ದರು. ಗೊತ್ತಿದ್ದೂ ಆ ರಾತ್ರಿ ಬಂದು ಕೂತರು. ಅಮ್ಮ ಒಂದು ಕಲ್‌ಕಲ್ ತೆಗೆದು ಬಾಯಿಗೆ ಹಾಕಿಕೊಂಡಳು, ನಮಗಿಂತ ಮೊದಲು. ಕಣ್ಣಲ್ಲಿ ನೀರು. ತಟ್ಟೆಗೆ ಆ ಸಲ ಸಕ್ಕರೆ ಹಾಕಲಿಲ್ಲ. ಬೇಳೆ ಬೇಯಿಸಿ, ಹೂರಣ ರುಬ್ಬಿ, ಒಬ್ಬಟ್ಟು ತಟ್ಟಿ, ತಾನೇ ತೆಗೆದುಕೊಂಡು ಹೋಗಿ ಅವರ ಮನೆಯೊಳಗೆ ಕೂತು ಬಂದಳು. ಆಮೇಲೆ ನಾವು ಊರು ಬಿಡುವವರೆಗೂ ಅದೇ ಪದ್ಧತಿ. ಡಿಸೆಂಬರ್ ೨೪ರಂದು ಅವರ ಮನೆಯಲ್ಲಿ ಕಲ್‌ಕಲ್ ಹೊರಳಿಸಲು ಅಮ್ಮ ಹೋಗುವುದು, ಯುಗಾದಿಗೆ ನಮ್ಮಲ್ಲಿ ಒಬ್ಬಟ್ಟು ತಟ್ಟಲು ಅವರು ಬರುವುದು.

೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ೧೨೦ ವರ್ಷ ತಿರುಗಿದ ಚಕ್ರಗಳು ನಿಂತವು. ಸೈನೈಡ್ ಮಣ್ಣಿನ ದಿಬ್ಬಗಳು ಮಾತ್ರ ಗುಡ್ಡಗಳಂತೆ ನಿಂತಿವೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಆದರೆ ಡಿಸೆಂಬರ್ ೨೪ರ ಸಂಜೆ ಆ ರೈಲಿನಲ್ಲಿ ಕೂತು ನೋಡಿ. ಎಲ್ಲೆಲ್ಲೋ ಚದುರಿಹೋದ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತಿರುತ್ತಾರೆ. ಲೈನ್ ಮನೆಗಳ ಮೇಲೆ ಇಂದಿಗೂ ಕಾಗದದ ನಕ್ಷತ್ರ ಬೆಳಗುತ್ತದೆ.

ಟೀಚರಮ್ಮ ಈಗಿಲ್ಲ, ಅಮ್ಮನೂ ಇಲ್ಲ. ಆ ಚೀಟಿ ಮಾತ್ರ ಅಮ್ಮನ ಕುಂಕುಮದ ಭರಣಿಯಲ್ಲಿ ಮಡಿಸಿಟ್ಟದ್ದು ನನಗೆ ಸಿಕ್ಕಿತು. ನಿಮ್ಮ ಪಕ್ಕದ ಮನೆಯಿಂದಲೂ ಹಬ್ಬಕ್ಕೆ ತಟ್ಟೆ ಬರುತ್ತಿರಬಹುದು. ನಿಮಗೆ ಆಗದ ವಸ್ತುವಿದ್ದರೆ ಹಿತ್ತಿಲ ಬಾಗಿಲಿಗೆ ಕಳಿಸಬೇಡಿ, "ನಮಗೆ ಇದು ನಡೆಯೋದಿಲ್ಲ ರೀ" ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಅವರು ಹೊಸ ಬಾಣಲೆ ಇಟ್ಟಾರು. ನಮ್ಮಮ್ಮ ಹೇಳದೆ ಕಳೆದುಕೊಂಡದ್ದು ಎಷ್ಟೋ ವರ್ಷ!

ಟೀಚರಮ್ಮನ ಮೊಟ್ಟೆಯಿಲ್ಲದ ಕಲ್‌ಕಲ್

ಬೇಕಾಗುವ ಸಾಮಾನು: ಮೈದಾ ಹಿಟ್ಟು ೨ ಲೋಟ, ಬೆಣ್ಣೆ ೨ ದೊಡ್ಡ ಚಮಚ, ಪುಡಿ ಸಕ್ಕರೆ ಕಾಲು ಲೋಟ, ಗಟ್ಟಿ ತೆಂಗಿನ ಹಾಲು ಸುಮಾರು ಅರ್ಧ ಲೋಟ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಕರಿಯಲು ಎಣ್ಣೆ. ಪಾಕಕ್ಕೆ ಸಕ್ಕರೆ ೧ ಲೋಟ, ನೀರು ಕಾಲು ಲೋಟ.

ಮಾಡುವ ವಿಧಾನ: ಹಿಟ್ಟಿಗೆ ಉಪ್ಪು, ಪುಡಿ ಸಕ್ಕರೆ, ಏಲಕ್ಕಿ ಸೇರಿಸಿ ಬೆಣ್ಣೆ ಹಾಕಿ ಬೆರಳಿನಿಂದ ಉಜ್ಜಿ. ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಪೂರಿ ಹಿಟ್ಟಿನ ಹದಕ್ಕೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಮುಳ್ಳು ಚಮಚದ ಬೆನ್ನ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಸುರುಳಿ ಸುತ್ತಿ. ಮುಳ್ಳು ಚಮಚ ಇಲ್ಲದಿದ್ದರೆ ಬಳಸದ ಹೊಸ ಬಾಚಣಿಗೆಯೂ ಆದೀತು. ಅಂಚು ಬಿಡದಂತೆ ಒತ್ತಿ. ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕರಿದು ಆರಲು ಬಿಡಿ. ಸಕ್ಕರೆ ನೀರನ್ನು ಗಟ್ಟಿ ಎಳೆ ಪಾಕ ಮಾಡಿ, ಕಲ್‌ಕಲ್ ಹಾಕಿ, ಪಾಕ ಬೆಳ್ಳಗೆ ಗಟ್ಟಿಯಾಗಿ ಅಂಟುವವರೆಗೆ ಕೈಯಾಡಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಎರಡು ವಾರ ಗರಿಗರಿಯಾಗಿರುತ್ತದೆ.

ಸುತ್ತುವ ಕೆಲಸ ಒಬ್ಬರಿಗೆ ಬೇಸರ. ಪಕ್ಕದ ಮನೆಯವರನ್ನು ಕರೆಯಿರಿ.