ಪಿತ್ತಕ್ಕೊಂದು ಒಳದಾರಿ

ಬೆಂಗಳೂರಿನ ಆಸ್ಪತ್ರೆಯೊಂದರ ಎಂಡೋಸ್ಕೋಪಿ ಕೊಠಡಿ. ಹಾವೇರಿ ಕಡೆಯ ರೈತರೊಬ್ಬರನ್ನು ಎಡಮಗ್ಗುಲಾಗಿ ಮಲಗಿಸಿದ್ದಾರೆ. ವಯಸ್ಸು ಅರವತ್ತರ ಆಚೀಚೆ. ಕಣ್ಣಿನ ಬಿಳಿಭಾಗ, ಅಂಗೈ, ನಾಲಗೆಯ ಅಡಿ ಎಲ್ಲವೂ ಹಳದಿ. ಮೊಣಕೈಯಿಂದ ಕೆಳಗೆ ಉಗುರಿನ ಗೀರುಗಳು. ಕೆಲವು ಒಣಗಿವೆ, ಕೆಲವು ಇನ್ನೂ ಹಸಿ. ಮಣಿಕಟ್ಟಿನ ಮೇಲೊಂದು ದುಂಡಗಿನ ಸುಟ್ಟ ಕಲೆ. ಬರೀ ಕಾಮಣಿ ಎಂದುಕೊಂಡು ಊರಲ್ಲಿ ಹಾಕಿಸಿದ ಬರೆ ಅದು. ನೆಲನೆಲ್ಲಿ ರಸ, ಪಥ್ಯ ಅಂತ ವಾರಗಳು ಕಳೆದ ಮೇಲೆ ಇಲ್ಲಿಗೆ ಬಂದಿದ್ದಾರೆ.

ಬಾಗಿಲ ಬಳಿ ಮಗಳು ಡಾಕ್ಟರನ್ನು ತಡೆದು ನಿಲ್ಲಿಸಿದಳು. ಕ್ಯಾನ್ಸರಿನ ಮಾತು ಎತ್ತಲಿಲ್ಲ. “ರಾತ್ರಿಯೆಲ್ಲಾ ಕೆರ್ಕೋತಾರ್ರೀ ಸರ್, ಕಣ್ಣಿಗೆ ಕಣ್ಣು ಹತ್ತಂಗಿಲ್ಲ. ಮೊದ್ಲ ಆ ತುರಿಕಿ ಕಮ್ಮಿ ಮಾಡ್ರಿ,” ಅಂದಳು.

ಆಕೆ ಕೇಳಿದ್ದು ಸಣ್ಣದೇನಲ್ಲ. ಯಕೃತ್ತು ದಿನಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಪಿತ್ತರಸ ಸ್ರವಿಸುತ್ತದೆ. ಅದು ಪಿತ್ತನಾಳದಲ್ಲಿಳಿದು, ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾದು ಸಣ್ಣ ಕರುಳು ಸೇರಬೇಕು. ಈ ರೈತರಿಗೆ ಗೆಡ್ಡೆ ಬೆಳೆದಿರುವುದು ಆ ತಲೆಯ ಭಾಗದಲ್ಲೇ. ನಾಳ ಹಿಸುಕಿಹೋಗಿದೆ. ಹೊರಹೋಗಲಾರದ ಪಿತ್ತ ರಕ್ತಕ್ಕೆ ಮರಳುತ್ತದೆ. ಮೂತ್ರ ಕಡುಗಂದಾಗುತ್ತದೆ, ಮಲ ಬಿಳಚಿಕೊಳ್ಳುತ್ತದೆ, ಚರ್ಮ ತುರಿಸತೊಡಗುತ್ತದೆ. ಯಾವ ಮುಲಾಮಿಗೂ ಬಗ್ಗದ ತುರಿಕೆ. ಒಂದರ ಆಸುಪಾಸಿನಲ್ಲಿರಬೇಕಾದ ಬಿಲಿರುಬಿನ್ 18ಕ್ಕೆ ಏರಿದೆ. ಅದು ಇಳಿಯದೆ ಕಿಮೋಥೆರಪಿ ಕೊಡುವುದೂ ಕಷ್ಟ.

ನಾಳ ಕರುಳಿಗೆ ತೆರೆದುಕೊಳ್ಳುವ ಸಹಜ ಬಾಯಿಯ ಮೂಲಕ ಸ್ಟೆಂಟ್ ಕೂರಿಸುವುದು ರೂಢಿಯ ಚಿಕಿತ್ಸೆ, ಇಆರ್‌ಸಿಪಿ. ಆ ಪ್ರಯತ್ನವಾಗಿದೆ, ಗೆಡ್ಡೆ ಕರುಳಿಗೂ ಹಬ್ಬಿ ಆ ಬಾಯಿ ಕಾಣದಾಗಿದೆ. ಇಂಥಲ್ಲಿ ಬಹುಕಾಲ ಉಳಿದಿದ್ದದ್ದು ಪಕ್ಕೆಲುಬುಗಳ ನಡುವೆ ಸೂಜಿ ತೂರಿಸಿ ಹೊರಗೊಂದು ಚೀಲ ಕಟ್ಟುವ ದಾರಿ. ಅದು ಜೀವ ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಆದರೆ ಚೀಲ ಹೊತ್ತವರನ್ನು ನೋಡಿದವರಿಗೆ ಗೊತ್ತು: ಮಗ್ಗುಲು ಬದಲಿಸಲು ಭಯ, ಸ್ನಾನಕ್ಕೆ ಭಯ, ನಾಲ್ಕು ಜನರ ನಡುವೆ ಕೂರಲು ಸಂಕೋಚ. ಉಳಿದಿರುವ ದಿನಗಳು ಕಡಿಮೆಯಿದ್ದಾಗ ಇವು ಚಿಕ್ಕ ಸಂಗತಿಗಳೆಂದು ನಾನು ಒಪ್ಪಲಾರೆ.

ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಮಾರ್ಕ್ ಜೋವನ್ನೀನಿ ಮತ್ತು ಸಂಗಡಿಗರು 2001ರಲ್ಲಿ ಮತ್ತೊಂದು ದಾರಿ ತೋರಿದರು. ಇವತ್ತು ಈ ಕೊಠಡಿಯಲ್ಲಿ ನಡೆಯುವುದು ಅದೇ ದಾರಿಯ ಈಚಿನ ರೂಪ.

ದೀಪ ಮಂದವಾಯಿತು. ಅರಿವಳಿಕೆ ತಜ್ಞೆಯ ಕಣ್ಣು ಆಮ್ಲಜನಕದ ಅಂಕಿಯ ಮೇಲೆ. ಎಲ್ಲರ ಮೈಮೇಲೂ ಸೀಸದ ಏಪ್ರನ್. ತುದಿಯಲ್ಲಿ ಕ್ಯಾಮೆರಾದ ಜೊತೆಗೆ ಪುಟ್ಟ ಅಲ್ಟ್ರಾಸೌಂಡ್ ಯಂತ್ರವನ್ನೂ ಹೊತ್ತ ಸ್ಕೋಪ್ ಬಾಯಿಂದ ಅನ್ನನಾಳಕ್ಕೆ, ಜಠರಕ್ಕೆ, ಅಲ್ಲಿಂದ ಸಣ್ಣ ಕರುಳಿನ ಹೊಸ್ತಿಲಿಗೆ ಇಳಿಯಿತು. ಕ್ಯಾಮೆರಾಕ್ಕೆ ಕಾಣುವುದು ಕರುಳಿನ ಗೋಡೆ ಮಾತ್ರ. ಅದರಾಚೆಯದನ್ನು ತೋರಿಸುವುದು ಶಬ್ದದ ಅಲೆಗಳು. ಬೂದುಬಣ್ಣದ ತೆರೆಯ ಮೇಲೆ ಉಬ್ಬಿದ ಪಿತ್ತನಾಳ ಕಪ್ಪಗೆ, ಅಗಲವಾಗಿ ಮೂಡಿತು. ಗೋಡೆಯಿಂದ ಒಂದು ಸೆಂಟಿಮೀಟರ್ ದೂರವೂ ಇಲ್ಲ.

ಡಾಪ್ಲರ್ ಹಾಕಿದರು. ನಡುವೆ ರಕ್ತನಾಳವಿದ್ದರೆ ಕೆಂಪೋ ನೀಲಿಯೋ ಮಿನುಗಬೇಕು. ಮಿನುಗಲಿಲ್ಲ. ಸ್ಕೋಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೋಡಿದರು. ಕೊಠಡಿಯಲ್ಲಿ ಮಾತು ನಿಂತಿದೆ. ಇಲ್ಲಿ ಕೈ ತಪ್ಪಿದರೆ ಪಿತ್ತ ಹೊಟ್ಟೆಯೊಳಗೆ ಸೋರುತ್ತದೆ, ರಕ್ತಸ್ರಾವವಾಗಬಹುದು. ಈ ಕೆಲಸ ಪಳಗಿದ ಕೈಗಳಿಗೇ ಮೀಸಲಾಗಿರಬೇಕೆನ್ನುವುದು ಅದಕ್ಕೇ.

ಡಾಕ್ಟರು ಪೆಡಲ್ ತುಳಿದರು. ವಿದ್ಯುತ್ ಹರಿದ ಕ್ಯಾಥೆಟರ್ ತುದಿ ಕರುಳಿನ ಗೋಡೆಯನ್ನೂ ನಾಳದ ಗೋಡೆಯನ್ನೂ ಒಂದೇ ಸಲಕ್ಕೆ ಕೊರೆದು ಒಳಹೊಕ್ಕಿತು. ಅದರೊಳಗೆ ಮಡಿಸಿಟ್ಟ ಲೋಹದ ಸ್ಟೆಂಟಿನದು ಡಮರುವಿನ ಆಕಾರ, ನಡು ಸಣ್ಣ, ಎರಡು ಬದಿ ಅಗಲ. ಮೊದಲ ಅಗಲ ಪಿತ್ತನಾಳದೊಳಗೆ ಅರಳಿತು. ಮೆಲ್ಲಗೆ ಹಿಂದಕ್ಕೆ ಜಗ್ಗಿ ಗೋಡೆಗೆ ಒತ್ತಿಸಿದರು. ಎರಡನೆಯದು ಕರುಳಿನ ಬದಿಗೆ ಅರಳಿ ಎರಡೂ ಗೋಡೆಗಳನ್ನು ಅವುಚಿ ಹಿಡಿಯಿತು. ಮರುಕ್ಷಣ ಕ್ಯಾಮೆರಾದ ತೆರೆ ತುಂಬ ಕಪ್ಪು ಹಸಿರು. ವಾರಗಟ್ಟಲೆ ಕಟ್ಟಿನಿಂತ ಪಿತ್ತ ಸ್ಟೆಂಟಿನ ಬಾಯಿಂದ ಧುಮುಕಿ ಕರುಳಿಗೆ ಬರುತ್ತಿತ್ತು. “ಬಂತು!” ಎಂದು ನರ್ಸ್ ಉದ್ಗರಿಸಿದರು.

ಹಾಂಗ್‌ಕಾಂಗ್‌ನ ವೈದ್ಯರ ಮುಂದಾಳತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಧಾನದಲ್ಲಿ ಸ್ಟೆಂಟ್ ಕೂರಿಸುವುದು ಶೇ. 96.2ರಷ್ಟು ಮಂದಿಗೆ ಸಾಧ್ಯವಾಗಿತ್ತು, ಇಆರ್‌ಸಿಪಿಯಲ್ಲಿ ಶೇ. 76.3. ಹಿಡಿದ ಸಮಯ ಸುಮಾರು 10 ನಿಮಿಷ, ಅಲ್ಲಿ 25. ಒಂದು ವರ್ಷದ ಬಳಿಕ ಸ್ಟೆಂಟ್ ಕಟ್ಟಿಕೊಳ್ಳದೆ ಉಳಿಯುವುದರಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ. ಯಕೃತ್ತಿನ ಬುಡದಲ್ಲೇ ನಾಳ ಮುಚ್ಚಿದವರಿಗೆ ಇದು ಒಗ್ಗದು. ಅಂಥ ಕೆಲವರಿಗೆ ಜಠರದಿಂದ ಯಕೃತ್ತಿನ ಎಡಭಾಗದ ನಾಳಕ್ಕೆ ದಾರಿ ಮಾಡುತ್ತಾರೆ.

ಗೆಡ್ಡೆ ಇದ್ದಲ್ಲೇ ಇದೆ. ಅದನ್ನು ಡಾಕ್ಟರು ಮಗಳಿಗೆ ಮರೆಮಾಚದೆ ಹೇಳಿದರು. ತುರಿಕೆ ಕೆಲವು ದಿನಗಳಲ್ಲಿ ತಗ್ಗಬೇಕು, ಹಳದಿ ಇಳಿಯಲು ವಾರಗಳೇ ಬೇಕು, ಆಮೇಲೆ ಕಿಮೋ ಡಾಕ್ಟರನ್ನು ಕಾಣಬೇಕು. “ಚಳಿಜ್ವರ ಬಂದ್ರ ನಾಳೆ ಅನ್ನಬ್ಯಾಡಮ್ಮ, ಸ್ಟೆಂಟ್ ಕಟ್ಕೊಂಡಿರಬಹುದು. ರಾತ್ರಿಯಾದ್ರೂ ಹೊರಟು ಬಾ.” ಆಕೆ ಮೊಬೈಲ್ ತೆಗೆದು ಆಸ್ಪತ್ರೆಯ ತುರ್ತು ವಿಭಾಗದ ನಂಬರು ಬರೆದುಕೊಂಡಳು. ಆಮೇಲೆ ಕೇಳಿದಳು: “ನಾಳಿಗೆ ಗಂಜಿ ಕೊಡಬೌದೇನ್ರೀ ಸರ್?”

“ನಾಳೆ ಮುಂಜಾನೆ ನೋಡಿ ಹೇಳ್ತೀನಿ. ಬಹುಶಃ ಕೊಡಬಹುದು.”