ನೂರಹದಿನಾರನೆಯ ಬೀದಿಯ ತಾಯಿ

ಮನುಷ್ಯನ ದಾರಿದ್ರ್ಯಕ್ಕೆ ಅವನ ಸೋಮಾರಿತನವೇ ಕಾರಣವೆಂದೂ, ದುಡಿದು ಉಳಿಸತಕ್ಕವನು ಎಂದಾದರೊಂದು ದಿನ ಮೇಲೇರಿಯೇ ಏರುವನೆಂದೂ ನಂಬುವವರು ಎಲ್ಲ ದೇಶಗಳಲ್ಲಿಯೂ ಇರುವರು. ಹೊಟ್ಟೆ ತುಂಬಿದವರಿಗೆ ಈ ನಂಬಿಕೆಯು ಬಹು ಹಿತಕರವಾದುದು. ನೆರೆಯವನ ಹಸಿವಿಗೆ ಉತ್ತರ ಹೇಳಬೇಕಾದ ಹೊಣೆಯಿಂದ ಅದು ಅವರನ್ನು ಪಾರುಮಾಡುತ್ತದೆ. ಈ ನಂಬಿಕೆಯನ್ನು ಬುಡಸಹಿತ ಅಲುಗಾಡಿಸಿದ ಕಾದಂಬರಿಯೊಂದು 1946ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಹೆಸರು ‘ದಿ ಸ್ಟ್ರೀಟ್’, ಅಂದರೆ ಬೀದಿ. ಬರೆದವರು ಆನ್ ಪೆಟ್ರಿ. ಕಪ್ಪುವರ್ಣದ ಲೇಖಕಿಯೊಬ್ಬರ ಕಾದಂಬರಿಯು ಹತ್ತು ಲಕ್ಷ ಪ್ರತಿಗಳನ್ನು ಮೀರಿ ಮಾರಾಟವಾದುದು ಅದೇ ಮೊದಲೆಂದು ಪ್ರಸಿದ್ಧವಾಗಿದೆ.

ಪೆಟ್ರಿಯವರು 1908ರಲ್ಲಿ ಕನೆಕ್ಟಿಕಟ್ ಪ್ರಾಂತದ ಓಲ್ಡ್ ಸೇಬ್ರೂಕ್ ಎಂಬ ಊರಿನಲ್ಲಿ ಔಷಧದಂಗಡಿಯವರ ಮನೆಯಲ್ಲಿ ಜನಿಸಿದರು. ತಾವೂ ಅದೇ ವಿದ್ಯೆಯನ್ನು ಕಲಿತರು. 1938ರಲ್ಲಿ ವಿವಾಹವಾಗಿ ನ್ಯೂಯಾರ್ಕಿನ ಹಾರ್ಲೆಮಿಗೆ ಬಂದ ಮೇಲೆ ವೃತ್ತಪತ್ರಿಕೆಗಳ ಬಾತ್ಮೀದಾರರಾಗಿ ಓಣಿ ಓಣಿಗಳನ್ನು ತಿರುಗಿದರು. ತಾಯಂದಿರು ಕೂಲಿಗೆ ಹೋದ ಹೊತ್ತಿನಲ್ಲಿ ಒಂಟಿಯಾಗಿ ಉಳಿಯುವ ಮಕ್ಕಳಿಗಾಗಿ ಶಾಲೆಯೊಂದರಲ್ಲಿ ದುಡಿದರು. ಅವರ ಗ್ರಂಥವು ಕಂಡುದರಿಂದ ಹುಟ್ಟಿದುದೇ ಹೊರತು ಊಹೆಯಿಂದ ಹುಟ್ಟಿದುದಲ್ಲ.

ಕಥಾನಾಯಿಕೆಯು ಲೂಟಿ ಜಾನ್ಸನ್. ಗಂಡನಿಗೆ ಕೆಲಸ ದೊರೆಯಲಿಲ್ಲವಾಗಿ ಅವಳು ದೂರದಲ್ಲಿ ಬಿಳಿಯ ಶ್ರೀಮಂತರೊಬ್ಬರ ಮನೆಯ ಊಳಿಗಕ್ಕೆ ಹೋಗಬೇಕಾಯಿತು. ಪರರ ಮಗುವನ್ನು ಸಾಕುತ್ತಿರುವಷ್ಟರಲ್ಲಿ ತನ್ನ ಸಂಸಾರವೇ ಮುರಿಯಿತು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಓದಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅವಳು ಸರ್ಕಾರದ ಗುಮಾಸ್ತೆಯಾದಳು. ಎಂಟು ವರ್ಷದ ಮಗ ಬಬ್ಬನೊಡನೆ ನೂರಹದಿನಾರನೆಯ ಬೀದಿಯಲ್ಲಿ ಕತ್ತಲೆ ಕವಿದ ಸಣ್ಣ ಬಾಡಿಗೆ ಮನೆಯನ್ನು ಹಿಡಿದಳು. ಅವಳ ಆದರ್ಶಪುರುಷನು ಬೆಂಜಮಿನ್ ಫ್ರಾಂಕ್ಲಿನ್. ಅವನಂತೆ ಮಿತವ್ಯಯದಿಂದ ಬಾಳಿದರೆ ತನಗೂ ಉತ್ಕರ್ಷವು ತಪ್ಪದೆಂದು ಅವಳು ನಂಬಿದ್ದಳು. ಫ್ರಾಂಕ್ಲಿನ್ನನು ಗಂಡಸು, ಬಿಳಿಯನು ಎಂಬುದನ್ನು ಅವಳಿಗೆ ಪುಸ್ತಕವು ಕಲಿಸಲಿಲ್ಲ, ಬೀದಿಯು ಕಲಿಸಿತು.

ಲೂಟಿಯಲ್ಲಿ ನಾವು ಯಾವ ದುರ್ಗುಣವನ್ನು ಹುಡುಕೋಣ? ಅವಳು ಸೋಮಾರಿಯಲ್ಲ, ಕುಡುಕಿಯಲ್ಲ, ಅವಿದ್ಯಾವಂತೆಯಲ್ಲ. ಆದರೂ ಒಂದೊಂದು ಬಾಗಿಲೂ ಅವಳ ಮುಂದೆ ಮುಚ್ಚಿಕೊಳ್ಳುತ್ತದೆ. ಇದು ವಿಧಿಯಲ್ಲ, ಮನುಷ್ಯರು ಬರೆದ ಕಾಗದಪತ್ರಗಳ ಫಲ. ಅಮೆರಿಕದ 1935ರ ಸಾಮಾಜಿಕ ಭದ್ರತಾ ಕಾಯಿದೆಯು ವೃದ್ಧಾಪ್ಯವೇತನದಿಂದ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟಿತ್ತು. ಕಪ್ಪುವರ್ಣದ ಹೆಂಗಸರಲ್ಲಿ ಬಹುಮಂದಿ ದುಡಿಯುತ್ತಿದ್ದುದು ಅಲ್ಲಿಯೇ. ಕರಿಯರಿಗೆ ಮನೆಯನ್ನು ಮಾರಕೂಡದೆಂದು ಕ್ರಯಪತ್ರಗಳಲ್ಲಿ ಬರೆಯುತ್ತಿದ್ದ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತುದು 1948ರಲ್ಲಿ, ಈ ಕಾದಂಬರಿಯು ಹೊರಬಂದ ಎರಡು ವರ್ಷಗಳ ಬಳಿಕ. ಇರುವ ನಾಲ್ಕು ಬೀದಿಗಳಲ್ಲಿಯೇ ಜನರನ್ನು ತುರುಕಿದರೆ ಮನೆ ಕಿರಿದಾಗುವುದೂ ಬಾಡಿಗೆ ಹಿರಿದಾಗುವುದೂ ಸಹಜವಷ್ಟೆ.

ಕಥೆಯ ಅತ್ಯಂತ ದಾರುಣವಾದ ಸಂದರ್ಭವು ಕೊಲೆಯದಲ್ಲವೆಂದು ನಮ್ಮ ಅಭಿಪ್ರಾಯ. ಲೂಟಿಯನ್ನು ಬಯಸಿ ವಿಫಲನಾದ ಕಟ್ಟಡದ ಮೇಲ್ವಿಚಾರಕನು ಹಗೆ ತೀರಿಸಿಕೊಳ್ಳಲು ಅವಳ ಮಗನನ್ನು ವಂಚಿಸಿ, ಟಪಾಲುಪೆಟ್ಟಿಗೆಗಳಿಂದ ಕಾಗದಗಳನ್ನು ಕದಿಯಿಸುತ್ತಾನೆ. ಹುಡುಗನು ಸೆರೆಸಿಕ್ಕುತ್ತಾನೆ. ಗಾಬರಿಗೊಂಡ ತಾಯಿ ವಕೀಲನ ಬಳಿಗೆ ಓಡುತ್ತಾಳೆ. ಅವನು 200 ಡಾಲರ್ ಕೇಳುತ್ತಾನೆ. ಈ ಪ್ರಕರಣಕ್ಕೆ ವಕೀಲನ ಅಗತ್ಯವೇ ಇಲ್ಲವೆಂಬುದನ್ನು ಅವನು ಬಲ್ಲನು, ಆದರೆ ಹೇಳುವುದಿಲ್ಲ. ಆ ಹಣಕ್ಕಾಗಿ ಅಲೆಯುತ್ತ ಅವಳು ತನ್ನ ಮಾನಕ್ಕೆ ಬೆಲೆ ಕಟ್ಟುವವರ ಕೈಗೆ ಸಿಕ್ಕುತ್ತಾಳೆ. ಕ್ರೋಧದಲ್ಲಿ ಒಬ್ಬನನ್ನು ಹೊಡೆದು ಕೊಲ್ಲುತ್ತಾಳೆ. ಮಗನನ್ನು ಬಿಟ್ಟು ಶಿಕಾಗೋ ರೈಲನ್ನೇರುತ್ತಾಳೆ. ಒಂದು ಸತ್ಯವಾಕ್ಯವು ತಪ್ಪಿಸಬಹುದಾಗಿದ್ದ ಅನರ್ಥವಿದು!

ಚಿತ್ರವು ಅತಿಯಾಗಿ ಕಪ್ಪಾಯಿತೆಂದು ಆಕ್ಷೇಪಿಸುವವರುಂಟು. ನಾವು ಒಪ್ಪಲಾರೆವು. ಆ ದುಷ್ಟ ಮೇಲ್ವಿಚಾರಕನೂ ಹಡಗುಗಳಲ್ಲಿ, ನೆಲಮಾಳಿಗೆಗಳಲ್ಲಿ ಬಾಳನ್ನು ಸವೆಸಿ ಮನುಷ್ಯತ್ವವನ್ನು ಕಳೆದುಕೊಂಡವನೆಂದು ಲೇಖಕಿಯು ತೋರಿಸಿರುವರು. ಪಾಪವನ್ನು ಕ್ಷಮಿಸದೆ ಅದರ ಬೇರನ್ನು ಕಾಣಿಸುವುದು ಸುಲಭದ ಕಾರ್ಯವಲ್ಲ.

ಇದೆಲ್ಲ ಸಾಗರದಾಚೆಯ ಮಾತೆಂದು ವಾಚಕರು ಪತ್ರಿಕೆಯನ್ನು ಮಡಿಸಬಾರದು. ಲೂಟಿಯ ಮನೆಯಿದ್ದ ಅದೇ ನೂರಹದಿನಾರನೆಯ ಬೀದಿಯ ಪಶ್ಚಿಮಭಾಗದಲ್ಲಿ, ಉದ್ಯಾನವೊಂದರಾಚೆಯ ದಿಬ್ಬದ ಮೇಲೆ, ಕೊಲಂಬಿಯಾ ವಿಶ್ವವಿದ್ಯಾಲಯವಿದೆ. 1913ರಿಂದ 1916ರವರೆಗೆ ಅಲ್ಲಿ ವ್ಯಾಸಂಗ ಮಾಡಿದವರು ಡಾಕ್ಟರ್ ಅಂಬೇಡ್ಕರರು. ಈ ಕಾದಂಬರಿಯು ಪ್ರಕಟವಾದ 1946ರಲ್ಲಿಯೇ ಅವರು ಕರಿಯರ ನಾಯಕರಾದ ಡುಬಾಯ್ಸರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಲ್ಲಿಯ ಕರಿಯರ ಸ್ಥಿತಿಗೂ ಇರುವ ಸಾದೃಶ್ಯವನ್ನು ಸೂಚಿಸಿದರು. ನಾಲ್ಕು ವರ್ಷಗಳ ತರುವಾಯ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ನಮ್ಮಲ್ಲಿ ಹೆಂಗಸರೂ ಮಕ್ಕಳೂ ಉಚಿತ ಕಾನೂನು ನೆರವಿಗೆ ಅರ್ಹರು. ಕಾಯಿದೆಯು ಪುಸ್ತಕದಲ್ಲಿದ್ದರೆ ಸಾಲದು. ಮಗನಿಗಾಗಿ ಕಚೇರಿಯ ಬಾಗಿಲಲ್ಲಿ ನಿಂತಿರುವ ಬಡ ಹೆಂಗಸಿಗೆ ‘ತಾಯೀ, ನೀವು ಹಣ ತರಬೇಕಾಗಿಲ್ಲ’ ಎಂದು ಹೇಳುವ ಒಬ್ಬ ಗುಮಾಸ್ತೆಯಾದರೂ ಒಳಗಿರಬೇಕು. ಅಧಿಕಾರದ ಮೇಜಿನ ಹಿಂದೆ ಕುಳಿತಿರುವ ನಮ್ಮ ವಾಚಕರು ಈ ಗ್ರಂಥವನ್ನು ಓದಬೇಕೆಂದು ನಾವು ಬಯಸುವುದು ಈ ಕಾರಣದಿಂದಲೇ.